ಹೊರಗಿನ ಓದು, ಮನೆಯ ಅರಿವು

೧

ಪರದೇಶದ ವಿಶ್ವವಿದ್ಯಾನಿಲಯದಲ್ಲಿ ಓದುವ ಕನ್ನಡ ವಿದ್ಯಾರ್ಥಿಯ ಅನುಭವವನ್ನು ಕುರಿತು ನಮ್ಮಲ್ಲಿ ಪ್ರವಾಸಕಥನಗಳಿವೆ, ಪತ್ರಗಳಿವೆ, ಆತ್ಮಕಥೆಗಳಿವೆ. ಆದರೆ ಆ ಅನುಭವದ ಒಳಗಿರುವ ಸಂಕಟವನ್ನು ಕೆಲವೇ ಪುಟಗಳಲ್ಲಿ ಹಿಡಿದಿಟ್ಟ ಬರಹವೆಂದರೆ ಎ.ಕೆ. ರಾಮಾನುಜನ್ ಅವರ ‘ಅಣ್ಣಯ್ಯನ ಮಾನವಶಾಸ್ತ್ರ’ ಎಂಬ ಸಣ್ಣಕತೆ. ಪ್ರಸ್ತುತ ಲೇಖನ ಆ ಕತೆಯಿಂದ ಹೊರಟು, ಕನ್ನಡ ಸಂಸ್ಕೃತಿಯಲ್ಲಿ ‘ಹೊರಗಿನ ಓದು’ ಎಂಬುದು ಏನನ್ನು ಕೊಟ್ಟಿದೆ, ಏನನ್ನು ಕಸಿದುಕೊಂಡಿದೆ ಎಂಬುದನ್ನು ಪರಿಶೀಲಿಸುವ ಒಂದು ಪ್ರಯತ್ನ.

ಕತೆಯ ಎಳೆ ಸರಳವಾದದ್ದು. ಮೈಸೂರಿನ ಅಣ್ಣಯ್ಯ ಶಿಕಾಗೋದಲ್ಲಿ ಓದುತ್ತಿದ್ದಾನೆ. ಊರಿನಲ್ಲಿದ್ದಾಗ ಪಶ್ಚಿಮದ ಪುಸ್ತಕಗಳಲ್ಲಿ ಮುಳುಗಿದ್ದವನಿಗೆ ಅಲ್ಲಿಗೆ ಹೋದ ಮೇಲೆ ತನ್ನವರ ಆಚಾರ ವಿಚಾರಗಳನ್ನು ಕುರಿತು ಓದುವ ಹುಚ್ಚು ಹಿಡಿಯುತ್ತದೆ. ತನ್ನ ಮನೆಯಲ್ಲಿ ನಿತ್ಯ ನಡೆಯುತ್ತಿದ್ದ ವಿಧಿಗಳ ಅರ್ಥವನ್ನು ಅವನು ಅಮೆರಿಕನ್ ಮಾನವಶಾಸ್ತ್ರಜ್ಞರ ಪುಸ್ತಕಗಳಿಂದ ತಿಳಿದುಕೊಳ್ಳುತ್ತಾನೆ. ಇವರಿಗೆ ಎಷ್ಟೆಲ್ಲ ಗೊತ್ತು ಎಂದು ಬೆರಗಾಗುತ್ತಾನೆ. ಒಂದು ದಿನ ಗ್ರಂಥಾಲಯದಲ್ಲಿ ಸಿಕ್ಕ ಹೊಸ ಪುಸ್ತಕವೊಂದನ್ನು ತಿರುವಿಹಾಕುತ್ತಿರುವಾಗ ಅದರಲ್ಲಿ ಅಚ್ಚಾದ ಛಾಯಾಚಿತ್ರಗಳು ತನ್ನ ಸಂಬಂಧಿಕನೊಬ್ಬ ಒದಗಿಸಿದವೆಂಬುದು ತಿಳಿಯುತ್ತದೆ. ಮುಂದಿನ ಪುಟಗಳಲ್ಲಿ ಶವಸಂಸ್ಕಾರದ ಚಿತ್ರವಿದೆ. ಅಲ್ಲಿ ಮಲಗಿರುವ ದೇಹ ಅವನ ತಂದೆಯದು. ವಿಧವೆಯ ಸ್ಥಿತಿಯನ್ನು ವಿವರಿಸುವ ಚಿತ್ರವಿದೆ. ಅಲ್ಲಿ ತಲೆ ಬೋಳಿಸಿಕೊಂಡು ಕುಳಿತವಳು ಅವನ ತಾಯಿ. ಮನೆಯವರು ಅವನಿಂದ ಮುಚ್ಚಿಟ್ಟಿದ್ದ ಸುದ್ದಿಯನ್ನು ಪರಕೀಯನೊಬ್ಬನ ಶಾಸ್ತ್ರಗ್ರಂಥ ಬಯಲು ಮಾಡುತ್ತದೆ.

ದೆಹಲಿಯಲ್ಲಿ ಈ ಕತೆಯನ್ನು ಪಾಠ ಮಾಡಿದ ಒಂದು ಸಂದರ್ಭ ಈ ಬರಹಕ್ಕೆ ಪ್ರೇರಣೆ. ತರಗತಿಯಲ್ಲಿದ್ದವರಲ್ಲಿ ಹೆಚ್ಚಿನವರು ದೆಹಲಿಯಲ್ಲಿ ಹುಟ್ಟಿ ಬೆಳೆದ ಕನ್ನಡ ಮನೆತನಗಳ ಮಕ್ಕಳು. ಕನ್ನಡವನ್ನು ಮನೆಯಲ್ಲಿ ಕೇಳಿ, ವಿಶ್ವವಿದ್ಯಾನಿಲಯದಲ್ಲಿ ಓದಲು ಕಲಿತವರು. ಪಾಠ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಹಿಂದೆ ಉಳಿದಳು. ತನ್ನ ಅಜ್ಜಿಯ ಊರಿನ ಜಾತ್ರೆಯ ಹಾಡುಗಳನ್ನು ಕುರಿತು ಸಂಶೋಧನೆ ನಡೆಸಲು ಆಕೆಗೆ ಹೊರದೇಶದ ವಿಶ್ವವಿದ್ಯಾನಿಲಯವೊಂದರಲ್ಲಿ ಪ್ರವೇಶ ದೊರೆತಿತ್ತು. ಶಿಫಾರಸು ಪತ್ರ ಬರೆದುಕೊಟ್ಟವನು ನಾನೇ. “ಸರ್, ಅಣ್ಣಯ್ಯ ಮೈಸೂರಿನಲ್ಲೇ ಇದ್ದಿದ್ದರೆ ತಂದೆಯ ಹತ್ತಿರ ಇರುತ್ತಿದ್ದ, ಆದರೆ ಆ ಪುಸ್ತಕಗಳನ್ನು ಓದುತ್ತಿರಲಿಲ್ಲ. ಯಾವುದು ದೊಡ್ಡ ನಷ್ಟ?” ಎಂದು ಆಕೆ ಕೇಳಿದಳು. ಅಂದು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಹೋಗುವವರನ್ನು ಹರಸಿ ಕಳುಹಿಸುವುದು ಅಧ್ಯಾಪಕರಿಗೆ ರೂಢಿಯಾಗಿಬಿಟ್ಟಿದೆ; ಅವರು ಏನನ್ನು ಕಂಡು ಬರಬೇಕು, ಹೇಗೆ ಮರಳಬೇಕು ಎಂಬುದನ್ನು ನಾವು ಯೋಚಿಸಿದ್ದು ಕಡಿಮೆ.

೨

ಓದಿಗಾಗಿ ನಾಡು ಬಿಟ್ಟು ಹೋಗುವುದು ನಮಗೆ ಆಂಗ್ಲರ ಆಳ್ವಿಕೆಯಿಂದ ಬಂದ ಹೊಸ ಪದ್ಧತಿಯಲ್ಲ. ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಇದಕ್ಕೆ ಹಳೆಯ ಸಾಕ್ಷಿ. ಕದಂಬ ಶಾಂತಿವರ್ಮನ ಕಾಲದಲ್ಲಿ, ಕ್ರಿ.ಶ. ಐದನೆಯ ಶತಮಾನದ ನಡುಭಾಗದಲ್ಲಿ, ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಈ ಶಾಸನ ಕದಂಬ ವಂಶದ ಮೂಲಪುರುಷ ಮಯೂರಶರ್ಮನ ವೃತ್ತಾಂತವನ್ನು ಹೇಳುತ್ತದೆ. ಗುರು ವೀರಶರ್ಮನೊಡನೆ ಅವನು ಪಲ್ಲವರ ರಾಜಧಾನಿ ಕಂಚಿಯ ಘಟಿಕಾಸ್ಥಾನಕ್ಕೆ ಹೆಚ್ಚಿನ ವ್ಯಾಸಂಗಕ್ಕಾಗಿ ಹೋದನು. ಅಲ್ಲಿ ಪಲ್ಲವರ ಕುದುರೆಸವಾರನೊಬ್ಬನೊಡನೆ ಕಲಹವಾಯಿತು. ಅವಮಾನಿತನಾದ ವಿದ್ಯಾರ್ಥಿ ದರ್ಭೆ ಸಮಿತ್ತುಗಳನ್ನು ಬಿಟ್ಟು ಖಡ್ಗ ಹಿಡಿದನು. ಶ್ರೀಪರ್ವತದ ಕಾಡುಗಳಲ್ಲಿ ನೆಲೆಯೂರಿ ಪಲ್ಲವರನ್ನು ಕಾಡಿದನು. ಕೊನೆಗೆ ಅವರಿಂದಲೇ ರಾಜ್ಯಾಧಿಕಾರದ ಮನ್ನಣೆ ಪಡೆದನು.

ಈ ವೃತ್ತಾಂತವನ್ನು ನಾವು ಸಾಮಾನ್ಯವಾಗಿ ರಾಜಕೀಯ ಇತಿಹಾಸದ ಅಧ್ಯಾಯವಾಗಿ ಓದುತ್ತೇವೆ. ಅದನ್ನು ವಿದ್ಯಾರ್ಥಿಯೊಬ್ಬನ ಕತೆಯಾಗಿ ಓದಿದರೆ ಬೇರೊಂದು ಅರ್ಥ ಹೊರಡುತ್ತದೆ. ಕಂಚಿಯಲ್ಲಿ ಮಯೂರಶರ್ಮ ಯಾವ ಶಾಸ್ತ್ರವನ್ನು ಎಷ್ಟರಮಟ್ಟಿಗೆ ಕಲಿತನೆಂಬುದನ್ನು ಶಾಸನ ವಿಸ್ತರಿಸುವುದಿಲ್ಲ. ಅದು ವಿಸ್ತರಿಸುವುದು ಅವನಿಗಾದ ನೋವನ್ನು. ಪರಸ್ಥಳದಲ್ಲಿ ತಾನು ಯಾರು ಎಂಬ ಪ್ರಶ್ನೆ ಮೊದಲ ಬಾರಿಗೆ ಅವನೆದುರು ನಿಂತಿತು. ಅದಕ್ಕೆ ಉತ್ತರ ಹುಡುಕುವ ದಾರಿಯಲ್ಲಿ ಒಂದು ರಾಜ್ಯ ಹುಟ್ಟಿತು. ಪಠ್ಯಕ್ಕಿಂತ ಪರಕೀಯತೆಯೇ ವಿದ್ಯಾರ್ಥಿಗೆ ದೊಡ್ಡ ಪಾಠವಾಗುವ ಈ ಮಾದರಿ ಮುಂದೆ ಬೇರೆ ಬೇರೆ ರೂಪಗಳಲ್ಲಿ ಮರುಕಳಿಸುವುದನ್ನು ಕಾಣಬಹುದು.

ಇಪ್ಪತ್ತನೆಯ ಶತಮಾನದ ಹೊತ್ತಿಗೆ ಕಂಚಿಯ ಸ್ಥಾನದಲ್ಲಿ ಲಂಡನ್, ಆಕ್ಸ್‌ಫರ್ಡ್‌ಗಳು ಬಂದವು. ಕ್ರಿ.ಶ. ೬ ಮತ್ತು ೭ನೆಯ ಶತಮಾನಗಳ ಕನ್ನಡ ಶಾಸನಗಳ ವ್ಯಾಕರಣವನ್ನು ಕುರಿತ ಎ.ಎನ್. ನರಸಿಂಹಯ್ಯನವರ ಮಹಾಪ್ರಬಂಧ ಸಿದ್ಧವಾದದ್ದು ಲಂಡನ್ ವಿಶ್ವವಿದ್ಯಾನಿಲಯಕ್ಕಾಗಿ. ಅದನ್ನು ೧೯೪೧ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಪ್ರಕಟಿಸಿತು. ನಮ್ಮ ಹೊಲಗದ್ದೆಗಳಲ್ಲಿ ನಿಂತ ಕಲ್ಲುಗಳ ಭಾಷೆಗೆ ವ್ಯಾಕರಣ ಬರೆಯಲು ಕಡಲು ದಾಟಬೇಕಾಯಿತೆಂಬುದು ವಿಚಿತ್ರವಾಗಿ ಕಂಡೀತು. ಆದರೆ ಹೊರಗಿನವರ ವಿದ್ವತ್ತನ್ನು ಸಂಶಯದಿಂದಲೇ ನೋಡಬೇಕಾಗಿಲ್ಲ. ಜರ್ಮನಿಯಿಂದ ಬಂದ ಕಿಟ್ಟೆಲ್ ೧೮೯೪ರಲ್ಲಿ ಹೊರತಂದ ನಿಘಂಟಿಲ್ಲದೆ ನಮ್ಮ ಯಾವ ಕನ್ನಡ ವಿಭಾಗದ ಕಪಾಟೂ ಪೂರ್ಣವಾಗದು. ಹೊರಗಿನವರು ನಮ್ಮನ್ನು ಅರಿಯಬಹುದು ಎಂಬುದರಲ್ಲಿ ಅನುಮಾನವಿಲ್ಲ. ಅವರ ಅರಿವಿನ ಮೂಲಕ ನಮ್ಮನ್ನು ನಾವು ಅರಿಯಬೇಕಾದ ಸ್ಥಿತಿ ಬಂದಾಗ ಏನಾಗುತ್ತದೆ ಎಂಬುದು ಇಲ್ಲಿನ ಪ್ರಶ್ನೆ.

೩

೧೯೬೦ರ ದಶಕ ಈ ದೃಷ್ಟಿಯಿಂದ ಮಹತ್ವದ್ದು. ಸ್ವಾತಂತ್ರ್ಯಾನಂತರ ದೊರೆಯತೊಡಗಿದ ಹಲವು ಬಗೆಯ ವಿದ್ಯಾರ್ಥಿವೇತನಗಳ ನೆರವಿನಿಂದ ಸರಿಸುಮಾರು ಒಂದೇ ಕಾಲದಲ್ಲಿ ಕನ್ನಡದ ಮೂವರು ಬರಹಗಾರರು ಹೊರದೇಶಗಳಲ್ಲಿ ವಿದ್ಯಾರ್ಥಿಗಳಾಗಿದ್ದರು. ೧೯೫೯ರಲ್ಲಿ ಅಮೆರಿಕಕ್ಕೆ ಹೋದ ರಾಮಾನುಜನ್ ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ ಭಾಷಾವಿಜ್ಞಾನವನ್ನು ಅಭ್ಯಸಿಸಿ, ಕನ್ನಡದ ಉತ್ಪಾದಕ ವ್ಯಾಕರಣವನ್ನು ಕುರಿತ ಪ್ರಬಂಧಕ್ಕೆ ೧೯೬೩ರಲ್ಲಿ ಡಾಕ್ಟರೇಟ್ ಪಡೆದರು. ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿಯಾಗಿ ೧೯೬೦ರಿಂದ ೧೯೬೩ರವರೆಗೆ ಆಕ್ಸ್‌ಫರ್ಡಿನಲ್ಲಿದ್ದರು. ಯು.ಆರ್. ಅನಂತಮೂರ್ತಿಯವರು ೧೯೬೩ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಬರ್ಮಿಂಗ್‌ಹ್ಯಾಮಿಗೆ ಹೋಗಿ, ೧೯೬೬ರಲ್ಲಿ ಡಾಕ್ಟರೇಟ್ ಮುಗಿಸಿದರು.

ಕಾರ್ನಾಡರ ಮೊದಲ ನಾಟಕ ‘ಯಯಾತಿ’ ಪ್ರಕಟವಾದದ್ದು ೧೯೬೧ರಲ್ಲಿ. ಅದು ಆಕ್ಸ್‌ಫರ್ಡಿನ ಫಲವಲ್ಲ. ಹೊರಡುವ ಮುನ್ನಿನ ದಿನಗಳ ಫಲ. ಇಂಗ್ಲಿಷ್ ಕವಿಯಾಗಬೇಕೆಂಬ ಹಂಬಲವಿದ್ದ ತಾನು ನಾಟಕವನ್ನು, ಅದೂ ಕನ್ನಡದಲ್ಲಿ, ಅದೂ ಪುರಾಣವಸ್ತುವನ್ನು ಎತ್ತಿಕೊಂಡು ಬರೆದದ್ದು ತನಗೇ ಅಚ್ಚರಿ ತಂದಿತೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಮಗ ಮರಳಿ ಬರುವನೋ ಇಲ್ಲವೋ ಎಂಬ ಹೆತ್ತವರ ಆತಂಕ, ಅವರ ನಿರೀಕ್ಷೆಗಳ ಭಾರ ಇವೆರಡೂ ತಂದೆಯ ಮುಪ್ಪನ್ನು ಮಗ ಹೊರುವ ಕತೆಯ ಕಡೆಗೆ ಅವರನ್ನು ಎಳೆದವು. ಪೂರುವಿನ ಹೆಂಡತಿ ಚಿತ್ರಲೇಖೆಯ ಪಾತ್ರವನ್ನು ಹೊಸದಾಗಿ ಸೃಷ್ಟಿಸಿ, ಈ ತ್ಯಾಗದ ಬೆಲೆಯನ್ನು ತೆರುವವರು ಯಾರು ಎಂಬ ಪ್ರಶ್ನೆಯನ್ನೂ ಅವರು ನಾಟಕದೊಳಗೆ ತಂದರು. ಆಕ್ಸ್‌ಫರ್ಡಿನಿಂದ ಮರಳಿದ ಬಳಿಕ, ೧೯೬೪ರಲ್ಲಿ, ‘ತುಘಲಕ್’ ಬಂದಿತು. ೧೯೭೦ರ ದಶಕದಲ್ಲಿ ದೆಹಲಿಯ ಹಳೆಯ ಕೋಟೆಯ ಗೋಡೆಗಳ ನಡುವೆ ಅಲ್ಕಾಜಿಯವರು ಅದನ್ನು ರಂಗಕ್ಕೆ ತಂದಾಗ, ದೆಹಲಿಯ ಸುಲ್ತಾನನೊಬ್ಬನ ಕತೆ ಕನ್ನಡದ ಮೂಲಕ ದೆಹಲಿಗೆ ಮರಳಿತು.

ಅನಂತಮೂರ್ತಿಯವರ ವಿಷಯದಲ್ಲಿ ಸಂಗತಿ ಇನ್ನಷ್ಟು ಸ್ಪಷ್ಟ. ಬರ್ಮಿಂಗ್‌ಹ್ಯಾಮಿನಲ್ಲಿ ಅವರು ಸಂಶೋಧನೆಗೆ ಆರಿಸಿಕೊಂಡದ್ದು ೧೯೩೦ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯವನ್ನು. ಬರೆದದ್ದು ‘ಸಂಸ್ಕಾರ’ವನ್ನು. ಉಪಶೀರ್ಷಿಕೆಗಳಿಲ್ಲದೆ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ಚಲನಚಿತ್ರವನ್ನು ನೋಡಿದ್ದು, ಅಧ್ಯಾಪಕ ಮಾಲ್ಕಮ್ ಬ್ರ್ಯಾಡ್‌ಬರಿಯವರೊಡನೆ ಅದನ್ನು ಕುರಿತು ಮಾತನಾಡಿದ್ದು ಈ ಕಾದಂಬರಿಗೆ ಪ್ರೇರಣೆಯಾಯಿತೆಂಬುದನ್ನು ಅವರೇ ಹಲವೆಡೆ ಹೇಳಿದ್ದಾರೆ. ಮಧ್ಯಯುಗವನ್ನು ಯೂರೋಪಿನವರು ಪುಸ್ತಕಗಳಿಂದ ಪುನರ್ನಿರ್ಮಿಸಿಕೊಳ್ಳಬೇಕು. ಮಲೆನಾಡಿನ ಅಗ್ರಹಾರದಿಂದ ಬಂದವನಿಗೆ ಅದು ಬಾಲ್ಯದ ನೆನಪು. ಈ ವ್ಯತ್ಯಾಸ ಮೇಳಿಗೆಯಲ್ಲಿ ಕುಳಿತವರಿಗೆ ತೋರುವಂಥದ್ದಲ್ಲ, ಬರ್ಮಿಂಗ್‌ಹ್ಯಾಮಿನಲ್ಲಿ ತೋರಿತು.

ಆದರೆ ‘ಸಂಸ್ಕಾರ’ವನ್ನು ಹೊರಗಿನ ಓದಿನ ವಿಜಯಗಾಥೆಯೆಂದು ಭಾವಿಸಿದರೆ ತಪ್ಪಾದೀತು. ಅದರ ನಾಯಕ ಪ್ರಾಣೇಶಾಚಾರ್ಯ ಸ್ವತಃ ಹೊರಗೆ ಓದಿ ಬಂದವನು. ಕಾಶಿಯಲ್ಲಿ ವ್ಯಾಸಂಗ ಮಾಡಿ ವೇದಾಂತಶಿರೋಮಣಿಯಾಗಿ ಮರಳಿದವನು. ದೂರ್ವಾಸಪುರದ ಜನ ಅವನ ಪಾಂಡಿತ್ಯದ ಮೇಲೆ ಭಾರ ಹಾಕಿ ನೆಮ್ಮದಿಯಾಗಿದ್ದಾರೆ. ನಾರಣಪ್ಪನ ಹೆಣ ಬಿದ್ದಿರುವಾಗ, ಇದರ ಸಂಸ್ಕಾರ ಮಾಡುವವರು ಯಾರು ಎಂಬ ಒಂದೇ ಒಂದು ಊರಿನ ಪ್ರಶ್ನೆಗೆ ಕಾಶಿಯ ಗ್ರಂಥಗಳಲ್ಲಿ ಉತ್ತರ ಸಿಕ್ಕುವುದಿಲ್ಲ. ತಾನು ಪರದೇಶದಲ್ಲಿ ಡಾಕ್ಟರೇಟಿಗಾಗಿ ಓದುತ್ತಿರುವಾಗಲೇ ಲೇಖಕರು ಇಂಥ ವಿದ್ವಾಂಸನೊಬ್ಬನನ್ನು ಕಲ್ಪಿಸಿದರೆಂಬುದು ಆಕಸ್ಮಿಕವಾಗಿರಲಾರದು. ಅನ್ಯಸ್ಥಳದಲ್ಲಿ ಗಳಿಸಿದ ಪಾಂಡಿತ್ಯ ಸ್ವಸ್ಥಳದ ಬಿಕ್ಕಟ್ಟಿನೆದುರು ನಿರುತ್ತರವಾಗುವ ಭಯ ಕಾದಂಬರಿಯ ಒಳಗೇ ಇದೆ. ಅದು ಬರ್ಮಿಂಗ್‌ಹ್ಯಾಮಿನ ವಿದ್ಯಾರ್ಥಿಯ ಭಯವೂ ಹೌದೆಂದು ಓದಲು ಅವಕಾಶವಿದೆ.

ಮುಂದೆ ಈ ಮೂವರೂ ಒಂದೇ ಕೃತಿಯಲ್ಲಿ ಸೇರಿದರು. ೧೯೬೫ರಲ್ಲಿ ಪ್ರಕಟವಾದ ಅನಂತಮೂರ್ತಿಯವರ ಕಾದಂಬರಿ ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನದಲ್ಲಿ ೧೯೭೦ರ ಚಲನಚಿತ್ರವಾದಾಗ ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನ ಪಾತ್ರ ವಹಿಸಿದವರು ಕಾರ್ನಾಡ್. ೧೯೭೬ರಲ್ಲಿ ಅದನ್ನು ಇಂಗ್ಲಿಷಿಗೆ ತಂದವರು ರಾಮಾನುಜನ್. ಬರ್ಮಿಂಗ್‌ಹ್ಯಾಮ್, ಆಕ್ಸ್‌ಫರ್ಡ್, ಇಂಡಿಯಾನಾಗಳಲ್ಲಿ ಓದಿದವರು ಒಂದು ಮಲೆನಾಡಿನ ಅಗ್ರಹಾರದ ಸುತ್ತ ಕೂಡಿದರು. ಹೊರಗಿನ ಓದು ಈ ಮೂವರನ್ನೂ ಹೊರಗಿನ ವಸ್ತುಗಳತ್ತ ಕೊಂಡೊಯ್ಯುವ ಬದಲು ಮನೆಯ ಅಂಗಳಕ್ಕೇ ತಂದು ನಿಲ್ಲಿಸಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

೪

ಕಾರ್ನಾಡ್ ಮತ್ತು ಅನಂತಮೂರ್ತಿ ಮರಳಿ ಬಂದರು. ರಾಮಾನುಜನ್ ಮರಳಲಿಲ್ಲ. ೧೯೬೨ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯವನ್ನು ಸೇರಿದವರು ೧೯೯೩ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದರು. ಸಂಗಂ ಕಾಲದ ತಮಿಳು ಕವಿತೆಗಳು ತಮಗೆ ದೊರೆತದ್ದು ಆ ವಿಶ್ವವಿದ್ಯಾನಿಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಹಳೆಯ ತಮಿಳಿನ ವ್ಯಾಕರಣವೊಂದನ್ನು ಹುಡುಕುತ್ತಿದ್ದಾಗ ಎಂದು ಅವರು ಬರೆದಿದ್ದಾರೆ. ತಮಿಳು ಮನೆಮಾತಾಗಿದ್ದ ಮೈಸೂರಿನ ಹುಡುಗನಿಗೆ ತಾಯಿಯ ಭಾಷೆಯ ಪ್ರಾಚೀನ ಕಾವ್ಯ ಸಿಕ್ಕಿದ್ದು ಶಿಕಾಗೋದಲ್ಲಿ! ಇದು ಗ್ರಂಥಾಲಯದ ವರದಾನ. ‘ಅಣ್ಣಯ್ಯನ ಮಾನವಶಾಸ್ತ್ರ’ ಅದೇ ಗ್ರಂಥಾಲಯದ ಶಾಪ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಕತೆಯ ನಿಜವಾದ ಭಾರ ತಿಳಿಯುತ್ತದೆ.

ಕತೆಯನ್ನು ಪಾಶ್ಚಾತ್ಯ ವಿದ್ವತ್ತಿನ ವಿಡಂಬನೆಯೆಂದು ಓದುವುದು ಸುಲಭ. ಅಂಥ ಓದು ಅರ್ಧ ಸತ್ಯ. ಆ ಮಾನವಶಾಸ್ತ್ರಜ್ಞ ಸುಳ್ಳು ಬರೆದಿಲ್ಲ. ಅವನ ಪುಸ್ತಕದಲ್ಲಿರುವುದೆಲ್ಲ ನಿಜ. ಅದೇ ಅಣ್ಣಯ್ಯನ ದುರಂತ. ಮನೆಯವರ ಪ್ರೀತಿ ಸತ್ಯವನ್ನು ಮರೆಮಾಡಿತು. ಪ್ರೀತಿಯ ಸಂಬಂಧವೇ ಇಲ್ಲದ ಪುಸ್ತಕ ಸತ್ಯವನ್ನು ಹೇಳಿತು. ದೂರದಲ್ಲಿರುವ ಮಗನ ಓದು ಕೆಡದಿರಲೆಂಬ ಕಕ್ಕುಲತೆಯಿಂದ ಸಾವನ್ನು ಮುಚ್ಚಿಡುವುದು ನಮ್ಮ ಮನೆಗಳಲ್ಲಿ ಅಪರೂಪವಲ್ಲ. ಆದರೆ ಅದೇ ಸಾವನ್ನು ಒಬ್ಬ ಸಂಬಂಧಿಕ ಚಿತ್ರ ತೆಗೆದು ಹೊರಗಿನವನಿಗೆ ಕೊಡಬಲ್ಲ. ಅಪರಿಚಿತನಿಗೆ ತೆರೆದುಕೊಳ್ಳುವ ಮನೆ ಮಗನಿಗೆ ಮುಚ್ಚಿಕೊಳ್ಳುತ್ತದೆ.

ಇಲ್ಲಿ ಎರಡು ಬಗೆಯ ಬರಹಗಳು ಎದುರಾಗಿವೆ. ಒಂದು, ಮನೆಯಿಂದ ಬರುವ ಕಾಗದ: ಅದರಲ್ಲಿ ಮಮತೆಯಿದೆ, ಹೇಳಬೇಕಾದ ಮಾತಿಲ್ಲ. ಇನ್ನೊಂದು, ಶಾಸ್ತ್ರಗ್ರಂಥ: ಅದರಲ್ಲಿ ಎಲ್ಲ ವಿವರಗಳಿವೆ, ತಾಯಿಯನ್ನು ತಾಯಿಯೆಂದು ಕರೆಯುವ ದನಿಯಿಲ್ಲ, ಆಕೆ ಅಲ್ಲಿ ಒಂದು ವಿಧಿಯ ನಿದರ್ಶನ ಮಾತ್ರ. ಹಾಗಾದರೆ ಮುಚ್ಚಿಡದ, ಆದರೂ ಮಮತೆಯನ್ನು ಬಿಡದ ಮೂರನೆಯ ಬರಹವೊಂದು ಸಾಧ್ಯವೆ? ರಾಮಾನುಜನ್ ಈ ಪ್ರಶ್ನೆಯನ್ನು ಕತೆಯೊಳಗೆ ಎತ್ತುವುದಿಲ್ಲ. ಆದರೆ ಕತೆಯನ್ನು ಅವರು ಕನ್ನಡದಲ್ಲಿ ಬರೆದರು. ಇಂಗ್ಲಿಷಿನಲ್ಲಿ ಕವಿಯಾಗಿ, ಅನುವಾದಕರಾಗಿ, ವಿದ್ವಾಂಸರಾಗಿ ಲೋಕಪ್ರಸಿದ್ಧರಾಗಿದ್ದವರು ಈ ಅನುಭವಕ್ಕೆ ಮಾತ್ರ ಕನ್ನಡವನ್ನು ಆರಿಸಿಕೊಂಡರು. ಶಿಕಾಗೋದ ಪುಸ್ತಕ ಬಯಲಿಗೆಳೆದುದನ್ನು ಕನ್ನಡದಲ್ಲಿ ಹೇಳುವುದೆಂದರೆ, ಆ ಸಾವನ್ನು ಮತ್ತೆ ಮನೆಯ ಮಾತಿನೊಳಕ್ಕೆ ತರುವುದು. ದೇಹದಿಂದ ಮರಳದ ರಾಮಾನುಜನ್ ಈ ಅರ್ಥದಲ್ಲಿ ಮರಳಿದರು.

೫

ಅಣ್ಣಯ್ಯ ಪುಸ್ತಕವನ್ನು ಓದುವವನು. ಅಂಥ ಪುಸ್ತಕವನ್ನು ಬರೆಯುವವನು ಅಣ್ಣಯ್ಯನೇ ಆಗಿದ್ದರೆ? ಇದು ಕೇವಲ ಊಹೆಯಲ್ಲ. ಎಂ.ಎನ್. ಶ್ರೀನಿವಾಸ್ ಅವರ ಜೀವನ ಇದಕ್ಕೆ ಉದಾಹರಣೆ. ಅದು ದೆಹಲಿಯೊಡನೆಯೂ ಗಾಢವಾಗಿ ಬೆಸೆದುಕೊಂಡಿದೆ.

೧೯೧೬ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಶ್ರೀನಿವಾಸ್ ಮುಂಬಯಿಯಲ್ಲಿ ಘುರ್ಯೆಯವರ ಬಳಿ ಸಮಾಜಶಾಸ್ತ್ರ ಓದಿ, ಕೊಡಗಿನಲ್ಲಿ ಕ್ಷೇತ್ರಕಾರ್ಯ ಮಾಡಿ, ೧೯೪೫ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ಮೊದಲು ರ್‍ಯಾಡ್‌ಕ್ಲಿಫ್-ಬ್ರೌನ್, ಅನಂತರ ಇವಾನ್ಸ್-ಪ್ರಿಚರ್ಡ್ ಅವರ ಮಾರ್ಗದರ್ಶನದಲ್ಲಿ ಕೊಡಗಿನ ಸಾಮಗ್ರಿಯನ್ನೇ ಹೊಸದಾಗಿ ವಿಶ್ಲೇಷಿಸಿ ೧೯೪೭ರಲ್ಲಿ ಡಾಕ್ಟರೇಟ್ ಪಡೆದರು. ಸಾಮಗ್ರಿ ಕೊಡಗಿನದು, ಅದನ್ನು ನೋಡುವ ಕ್ರಮ ಆಕ್ಸ್‌ಫರ್ಡಿನದು. ೧೯೫೨ರಲ್ಲಿ ಪ್ರಕಟವಾದ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಆ ಗ್ರಂಥದಿಂದಲೇ ‘ಸಂಸ್ಕೃತೀಕರಣ’ವೆಂಬ ಪರಿಕಲ್ಪನೆ ವಿದ್ವಲ್ಲೋಕಕ್ಕೆ ಪರಿಚಯವಾಯಿತು. ೧೯೪೮ರಲ್ಲಿ ಅವರು ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ನಡೆಸಿದರು. ಆ ಹಳ್ಳಿಗೆ ‘ರಾಮಪುರ’ವೆಂದು ಬದಲಿ ಹೆಸರು ಕೊಟ್ಟರು. ಬರೋಡದಲ್ಲಿ ಅಧ್ಯಾಪಕರಾಗಿದ್ದು, ೧೯೫೯ರಲ್ಲಿ ದೆಹಲಿಗೆ ಬಂದು ದೆಹಲಿ ವಿಶ್ವವಿದ್ಯಾನಿಲಯದ ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದರು. ೧೯೭೦ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ ಅವರ ರಾಮಪುರದ ಟಿಪ್ಪಣಿಗಳು ಆಹುತಿಯಾದವು. ನೆನಪಿನಿಂದಲೇ ಬರೆದ ಪುಸ್ತಕ ೧೯೭೬ರಲ್ಲಿ ಹೊರಬಂದಿತು; ಅದರ ಹೆಸರಿನಲ್ಲಿಯೇ ನೆನಪಿನ ಮಾತಿದೆ.

ಈ ಪುಸ್ತಕವನ್ನು ಅಣ್ಣಯ್ಯನ ಕೈಗೆ ಸಿಕ್ಕ ಪುಸ್ತಕದೊಡನೆ ಹೋಲಿಸಬೇಕು. ಟಿಪ್ಪಣಿಗಳು ಉರಿದುಹೋದ ಮೇಲೆ ಉಳಿದದ್ದು ಮನುಷ್ಯರ ನೆನಪು. ರಾಮಪುರದ ಜನ ಅಲ್ಲಿ ನಿದರ್ಶನಗಳಾಗಿ ಉಳಿಯದೆ ಸ್ವಭಾವ, ಹಟ, ಹಾಸ್ಯಗಳುಳ್ಳ ವ್ಯಕ್ತಿಗಳಾಗಿ ಕಾಣಿಸಿಕೊಳ್ಳುತ್ತಾರೆ. ಅಧ್ಯಯನ ಮಾಡುವವನೂ ಅವರ ನಡುವೆ ಒಬ್ಬ ಬ್ರಾಹ್ಮಣ ಯುವಕನಾಗಿ, ತನ್ನ ಮಿತಿಗಳೊಡನೆ, ಚಿತ್ರದೊಳಗೆ ಬರುತ್ತಾನೆ. ಮೇಲೆ ಹೇಳಿದ ಮೂರನೆಯ ಬಗೆಯ ಬರಹಕ್ಕೆ ಇದು ಬಹಳ ಹತ್ತಿರದ್ದು. ಆದರೂ ಒಂದು ಕೊರತೆಯನ್ನು ಹೇಳದಿರಲಾಗದು. ಅದು ಇಂಗ್ಲಿಷಿನಲ್ಲಿ ಬರೆದ ಪುಸ್ತಕ. ರಾಮಪುರದವರು ಆಡಿದ ಕನ್ನಡ ಅಲ್ಲಿ ಇಂಗ್ಲಿಷಾಗಿ ಮಾರ್ಪಟ್ಟಿದೆ. ಮರಳಿ ಬಂದ ಶ್ರೀನಿವಾಸರ ಹಳ್ಳಿ ಇಂಗ್ಲಿಷಿನಲ್ಲಿ ಉಳಿಯಿತು, ಮರಳದ ರಾಮಾನುಜನ್ ಅವರ ಅಣ್ಣಯ್ಯ ಕನ್ನಡದಲ್ಲಿ ಮಾತನಾಡಿದನು. ಮರಳುವುದೆಂದರೇನು ಎಂಬುದು ಊರಿನ ಪ್ರಶ್ನೆ ಮಾತ್ರವಲ್ಲ, ಭಾಷೆಯ ಪ್ರಶ್ನೆಯೂ ಹೌದು.

ಇನ್ನೊಂದು ಘಟನೆಯನ್ನು ಇಲ್ಲಿ ನೆನೆಯಬೇಕು. ೧೯೧೩ರಲ್ಲಿ ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದ ಡಾ. ಬಿ.ಆರ್. ಅಂಬೇಡ್ಕರ್ ೧೯೧೬ರ ಮೇ ೯ರಂದು ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರ ವಿಚಾರಗೋಷ್ಠಿಯಲ್ಲಿ ಭಾರತದ ಜಾತಿಗಳ ಉಗಮ ಮತ್ತು ರಚನೆಯನ್ನು ಕುರಿತು ಪ್ರಬಂಧ ಓದಿದರು. ಅಣ್ಣಯ್ಯ ಪರದೇಶದ ಮಾನವಶಾಸ್ತ್ರದಲ್ಲಿ ತನ್ನ ಮನೆಯನ್ನು ಕಂಡು ಕುಸಿದನು. ಅಂಬೇಡ್ಕರರು ಅದೇ ಶಾಸ್ತ್ರದ ಉಪಕರಣಗಳನ್ನು ಕೈಗೆತ್ತಿಕೊಂಡು ತಮ್ಮ ಸಮಾಜದ ವಿಮರ್ಶೆಯನ್ನು ತಾವೇ ಬರೆದರು. ಅಣ್ಣಯ್ಯನಿಗೆ ಮನೆಯೆಂದರೆ ಕಳೆದುಕೊಂಡ ಆಶ್ರಯ. ಅಸ್ಪೃಶ್ಯತೆಯ ನೋವುಂಡವರಿಗೆ ‘ಮನೆ’ಯೇ ಮೊದಲ ಪರದೇಶವಾಗಿದ್ದಿತು. ಆದ್ದರಿಂದ ದೂರ ಹೋಗುವುದರಿಂದ ಆಗುವ ನಷ್ಟವನ್ನು ಎಲ್ಲರಿಗೂ ಒಂದೇ ಅಳತೆಯಲ್ಲಿ ಅಳೆಯಲಾಗದು. ಕೆಲವರಿಗೆ ದೂರವೇ ಉಸಿರಾಡಲು ಸಿಕ್ಕ ಮೊದಲ ಅವಕಾಶ.

೬

ಈ ಹಿನ್ನೆಲೆಯಲ್ಲಿ ಇತ್ತೀಚಿನ ಒಂದು ಬೆಳವಣಿಗೆ ಕನ್ನಡ ವಿಭಾಗಗಳ ಗಮನಕ್ಕೆ ಬರಬೇಕಾದದ್ದು. ಪರಿಶಿಷ್ಟ ಜಾತಿ ಮೊದಲಾದ ಸಮುದಾಯಗಳ ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ಮಾರ್ಗಸೂಚಿಗಳನ್ನು ೨೦೨೨ರ ಫೆಬ್ರವರಿಯಲ್ಲಿ ಪರಿಷ್ಕರಿಸಿದಾಗ ಭಾರತೀಯ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಭಾರತೀಯ ಸಮಾಜವನ್ನು ಕುರಿತ ವಿಷಯಗಳನ್ನು ಅದರ ವ್ಯಾಪ್ತಿಯಿಂದ ಕೈಬಿಡಲಾಯಿತು. ಇಂಥ ವಿಷಯಗಳಿಗೆ ಬೇಕಾದ ಆಕರಗಳೂ ವಿದ್ವಾಂಸರೂ ನಮ್ಮಲ್ಲಿಯೇ ಇರುವಾಗ ಅವುಗಳಿಗಾಗಿ ಹೊರದೇಶಕ್ಕೆ ಹೋಗಬೇಕೇಕೆ ಎಂಬುದು ಈ ನಿಲುವಿನ ಹಿಂದಿನ ವಾದ. ವಾದದಲ್ಲಿ ಹುರುಳಿಲ್ಲದಿಲ್ಲ. ಕೊಡಗಿನ ಸಾಮಗ್ರಿ ಕೊಡಗಿನಲ್ಲಿಯೇ ಇದೆ. ಶಾಸನದ ಕಲ್ಲುಗಳು ತಾಳಗುಂದದಲ್ಲಿಯೇ ಇವೆ. ಕುವೆಂಪು, ಬೇಂದ್ರೆ, ಡಿ.ಎಲ್. ನರಸಿಂಹಾಚಾರ್ ಮುಂತಾದವರ ಸಾಧನೆಗೆ ಹೊರದೇಶದ ಪದವಿ ಬೇಕಾಗಲಿಲ್ಲ ಎಂಬುದೂ ನಿಜ.

ಆದರೆ ಮೇಲಿನ ಚರ್ಚೆ ತೋರಿಸುವುದು ಬೇರೊಂದನ್ನು. ಹೊರಗೆ ಹೋದವರು ಆಕರಗಳನ್ನು ಅರಸಿ ಹೋದವರಲ್ಲ. ‘ಸಂಸ್ಕಾರ’ದ ಆಕರ ಬರ್ಮಿಂಗ್‌ಹ್ಯಾಮಿನಲ್ಲಿ ಇರಲಿಲ್ಲ; ಅದನ್ನು ಕಾಣುವ ದೂರ ಅಲ್ಲಿತ್ತು. ಕೊಲಂಬಿಯಾದಲ್ಲಿ ಜಾತಿಯ ಆಕರಗಳಿರಲಿಲ್ಲ. ಜಾತಿಯನ್ನು ಸಮಾನರ ನಡುವೆ ನಿಂತು ಚರ್ಚಿಸುವ ಅವಕಾಶ ಅಲ್ಲಿತ್ತು. ತಮ್ಮ ಸಮಾಜವನ್ನು ಕುರಿತು ಹೊರಗೆ ನಿಂತು ಬರೆಯುವ ಸೌಕರ್ಯ ಈ ನಿಯಮದ ನಂತರವೂ ಇತರ ಮೂಲಗಳಿಂದ ಹಣ ದೊರೆಯುವವರಿಗೆ ಉಳಿದೇ ಇದೆ. ಅದು ಇಲ್ಲವಾಗುವುದು ಈ ವೇತನವನ್ನೇ ನಂಬಿದವರಿಗೆ. ಹೀಗಾದರೆ ಅಂಥ ಮನೆಗಳ ಮಕ್ಕಳು ಮತ್ತೆ ಛಾಯಾಚಿತ್ರದೊಳಗಿನವರಾಗಿ ಉಳಿಯುವ, ಪುಸ್ತಕದ ಕರ್ತೃಗಳು ಬೇರೆಯವರೇ ಆಗುವ ಅಪಾಯವಿದೆ.

ಹೋಗುವವರ ಹೊಣೆಯೂ ಸಣ್ಣದಲ್ಲ. ಕ್ಷೇತ್ರಕಾರ್ಯದಲ್ಲಿ ನಾವು ಯಾರ ಮನೆಯ ಹೊಸ್ತಿಲು ದಾಟುತ್ತೇವೆಯೋ ಅವರು ನಮ್ಮ ಬರಹವನ್ನು ಓದಿದರೆ ಏನೆಂದುಕೊಂಡಾರು ಎಂಬ ಪ್ರಶ್ನೆ ಪ್ರತಿ ಪುಟದಲ್ಲಿಯೂ ಇರಬೇಕು. ಅವರು ಓದುವಂತಾಗಬೇಕಾದರೆ ಬರಹ ಅವರ ಭಾಷೆಯಲ್ಲಿಯೂ ಇರಬೇಕು. ಹೊರದೇಶಗಳಲ್ಲಿ ಕರ್ನಾಟಕವನ್ನು ಕುರಿತು ಸಿದ್ಧವಾಗುವ ಮಹಾಪ್ರಬಂಧಗಳು ಇಂಗ್ಲಿಷಿನಲ್ಲಿ, ಜರ್ಮನ್ನಿನಲ್ಲಿ ಅಲ್ಲಿಯ ಗ್ರಂಥಾಲಯಗಳನ್ನು ಸೇರುತ್ತವೆ. ಅವುಗಳ ಸಾರವನ್ನಾದರೂ ಕನ್ನಡದಲ್ಲಿ ಬರೆಯಿಸಿ ಪ್ರಕಟಿಸುವುದು ನಮ್ಮ ವಿಭಾಗಗಳು ಕೈಗೊಳ್ಳಬಹುದಾದ ಕೆಲಸ. ದೆಹಲಿಯಂಥ ಸ್ಥಳದಲ್ಲಿ ಕನ್ನಡವನ್ನು ಕಲಿಸುವವರಿಗೆ ಇದು ಇನ್ನಷ್ಟು ಸಹಜವಾದ ಕೆಲಸ. ಇಲ್ಲಿಯ ಕನ್ನಡ ವಿದ್ಯಾರ್ಥಿ ಊರಿನಲ್ಲಿಯೂ ಇಲ್ಲ, ಪರದೇಶದಲ್ಲಿಯೂ ಇಲ್ಲ. ದೂರದ ಲಾಭವೂ ನಷ್ಟವೂ ಅವನಿಗೆ ದಿನನಿತ್ಯದ ಅನುಭವ. ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ೨೦೧೫ರಲ್ಲಿ ಕನ್ನಡ ಪೀಠ ಸ್ಥಾಪನೆಯಾದಾಗ ಕನ್ನಡಕ್ಕೆ ದೊರೆತದ್ದು ಒಂದು ಹುದ್ದೆ ಮಾತ್ರವಲ್ಲ, ತನ್ನನ್ನು ತಾನು ಸ್ವಲ್ಪ ದೂರದಿಂದ ನೋಡಿಕೊಳ್ಳುವ ಒಂದು ಸ್ಥಳವೂ ಹೌದು.

ತಾನು ಬೆಳೆದ ಮೈಸೂರಿನ ಮನೆಯ ಹಿಂದುಗಡೆ ಇದ್ದ ಬಂಡಿಕೇರಿಯನ್ನು ಶ್ರೀನಿವಾಸರು ಒಂದೆಡೆ ನೆನೆದಿದ್ದಾರೆ. ಕುರುಬರು ವಾಸಿಸುತ್ತಿದ್ದ ಆ ಬೀದಿಯ ಬದುಕು ಬ್ರಾಹ್ಮಣ ಬಾಲಕನಿಗೆ ಬೇರೊಂದು ಲೋಕವೆಂಬಂತೆ ಕಂಡಿತು. ಅನ್ಯ ಸಂಸ್ಕೃತಿಯೊಡನೆ ಅದೇ ತಮ್ಮ ಮೊದಲ ಮುಖಾಮುಖಿ ಎಂದು ಅವರು ಭಾವಿಸಿದ್ದರು. ಆಕ್ಸ್‌ಫರ್ಡಿಗೆ ಹೋಗುವ ಎಷ್ಟೋ ವರ್ಷ ಮೊದಲೇ ಪರದೇಶ ಅವರ ಹಿತ್ತಲಿನ ಆಚೆಗೇ ಇತ್ತು. ಅದನ್ನು ಪರದೇಶವೆಂದು ಗುರುತಿಸಿ ಅರ್ಥಮಾಡಿಕೊಳ್ಳಲು ಆಕ್ಸ್‌ಫರ್ಡ್ ನೆರವಾಗಿರಬಹುದು.

ಆ ವಿದ್ಯಾರ್ಥಿನಿ ಹೊರಡುವ ವಾರ ಮತ್ತೆ ಭೇಟಿಗೆ ಬಂದಳು. ಅವಳ ಪ್ರಶ್ನೆಗೆ ಉತ್ತರವಾಗಿ ನಾನು ಹೇಳಿದ್ದು ಎರಡೇ ಮಾತು. ಅಜ್ಜಿ ಹಾಡಿದ್ದನ್ನು ಅಜ್ಜಿಯ ಮಾತಿನಲ್ಲಿಯೇ ಮೊದಲು ಬರೆದುಕೋ, ಶಾಸ್ತ್ರದ ಮಾತು ಆಮೇಲೆ ಬರಲಿ. ಮನೆಯವರಿಗೆ ಹೇಳು: ಏನೇ ಆದರೂ ನನ್ನಿಂದ ಮುಚ್ಚಿಡಬೇಡಿ ಎಂದು. ಎರಡನೆಯದನ್ನು ಕೇಳಿ ಅವಳು ತಲೆ ತಗ್ಗಿಸಿದಳು. “ಅದನ್ನು ನಿನ್ನೆಯೇ ಹೇಳಿದೆ ಸರ್. ಅಮ್ಮ ಉತ್ತರ ಕೊಡಲಿಲ್ಲ” ಎಂದಳು.